ನೋಡಿ ಒಪ್ಪಿದವರು

ಸೇಡು ತೀರಿಸಿಕೊಳ್ಳಲು ಹೊರಟವನು ಯಾವ ಅಂಗಿ ಹಾಕಿಕೊಳ್ಳಬೇಕು ಎನ್ನುವುದು ಬೆಳಿಗ್ಗೆ ಎದ್ದಾಗಿನಿಂದ ಅವನಿಗೆ ಬಗೆಹರಿಯದ ಪ್ರಶ್ನೆಯಾಗಿತ್ತು. ಹೊಸದನ್ನು ಹಾಕಿಕೊಂಡರೆ ಏನೋ ನಡೆಯಲಿದೆ ಎಂದು ಆಫೀಸಿನವರಿಗೆ ವಾಸನೆ ಬಡಿದುಬಿಡುತ್ತದೆ. ಹಳೆಯದನ್ನು ಹಾಕಿಕೊಂಡರೆ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದ ದಿನಕ್ಕೆ ತಾನೇ ಅವಮಾನ ಮಾಡಿದಂತೆ. ಕೊನೆಗೆ ಹಳೆಯದೂ ಅಲ್ಲದ ಹೊಸದೂ ಅಲ್ಲದ ಒಂದು ಬಿಳಿ ಅಂಗಿಯನ್ನು ಮೇಜಿನ ಮೇಲೆ ಹಾಸಿದ. ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸುತ್ತ, ಪ್ರದರ್ಶನದ ನಡುವೆ ಎದ್ದು ನಿಂತು ಹೇಳಬೇಕಾದ ಮಾತನ್ನು ಬಾಯಲ್ಲೇ ಹೊರಳಿಸಿ ನೋಡಿದ: ಸರ್, ಒಂದು ನಿಮಿಷ. ಅಷ್ಟೇ. ಮೆಲ್ಲಗೆ, ವಿನಯವಾಗಿ. ವಿನಯ ಹೆಚ್ಚಿದಷ್ಟೂ ಏಟು ಆಳಕ್ಕೆ ಇಳಿಯುತ್ತದೆ ಎಂದು ಅವನಿಗೆ ಕಲಿಸಿದವನು ಆ ಮನುಷ್ಯನೇ. ಆ ಮನುಷ್ಯ ಅವನ ಭಾವ, ಒಡಹುಟ್ಟಿದ ಅಕ್ಕನ ಗಂಡ. ಕಂಪನಿಯಲ್ಲಿ ಕರ್ನಲ್, ಅಂದರೆ ಕಂಪ್ಯೂಟರಿನ ಒಳತಿರುಳಿನ ತಂತ್ರಾಂಶ, ಬರೆಯುವ ವಿಭಾಗಕ್ಕೆಲ್ಲ ಯಜಮಾನ. ಇವತ್ತು ರಕ್ತಪರೀಕ್ಷೆಯ ಪ್ರಯೋಗಾಲಯದವರ ಎದುರು ತನ್ನ ಹೊಸ ಕರ್ನಲನ್ನು ನಡೆಸಿ ತೋರಿಸುವವನಿದ್ದ. ಆ ಕರ್ನಲಿನಲ್ಲಿ ಒಂದು ತಪ್ಪಿತ್ತು. ಅದು ಇರುವುದು ಇವನೊಬ್ಬನಿಗೆ ಗೊತ್ತಿತ್ತು, ವಾರಗಳಿಂದ ಗೊತ್ತಿತ್ತು, ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು, ಈ ದಿನಕ್ಕಾಗಿ ಕಾದಿದ್ದ. ಯೋಚನೆಯಲ್ಲಿ ಕೈ ನಿಂತು ತೋಳಿನ ತುದಿ ಸ್ವಲ್ಪ ಕಂದಿತು. ಮಡಿಸಿಕೊಂಡರೆ ಕಾಣುವುದಿಲ್ಲ ಎಂದು ಮಡಿಸಿಕೊಂಡ.

ರಸ್ತೆಯನ್ನು ಅಗೆದು ಹಾಕಿದ್ದರು. ಕೇಬಲ್ಲೋ ಕೊಳವೆಯೋ, ಏನೋ ಒಂದನ್ನು ಹೂಳುವುದಕ್ಕಾಗಿ ಕಾಲುದಾರಿಯ ಉದ್ದಕ್ಕೂ ಮಣ್ಣಿನ ಗುಡ್ಡೆಗಳು. ಜನ ಹಲಗೆಯ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದ್ದರು. ಕನ್ನಡಕದಂಗಡಿಯ ಗಾಜಿನಲ್ಲಿ ತನ್ನ ಮುಖ ಕಂಡು, ಅದರಲ್ಲಿ ಸಿಟ್ಟೇನಾದರೂ ಎದ್ದು ಕಾಣುತ್ತಿದೆಯೇ ಎಂದು ನೋಡಿದ. ಇರಲಿಲ್ಲ. ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತವನ ಮುಖ. ಈ ಮುಖ ನೋಡಿಯೇ ಇರಬೇಕು, ಅಕ್ಕನ ಮದುವೆಯಾದ ಹೊಸದರಲ್ಲಿ ಭಾವ ಅವನನ್ನು ಊಟದ ಮೇಜಿನಲ್ಲಿ ಎದುರಿಗೆ ಕೂರಿಸಿಕೊಂಡು ಪಾಠ ಶುರು ಮಾಡಿದ್ದು. ಕರ್ನಲ್ ಎಂದರೆ ಯಂತ್ರದೊಳಗೆ ಕೂತು ಬಂದಬಂದ ಪ್ರೋಗ್ರಾಮಿಗೆಲ್ಲ ಮೆಮೊರಿ ಹಂಚುವ ಮನೆ ಹಿರಿಯ ಎಂದು ಹೇಳಿದವನು, ಅಕ್ಕನ ಕೈಯಿಂದ ದಿನಪತ್ರಿಕೆ ಕಿತ್ತುಕೊಂಡು ಇಬ್ಬರ ನಡುವೆ ಹರಡಿದ್ದ. ಇಬ್ಬರೂ ಓದಿ, ಒಂದೇ ಸಾಕು. ಯಾರಾದರೂ ಪೆನ್ನು ತೆಗೆದು ಪದಬಂಧ ತುಂಬಿಸೋಕೆ ಕೂತರೆ ಆಗ ಮಾತ್ರ ಇನ್ನೊಂದು ಕೊಂಡು ತರೋಣ, ಕರ್ನಲ್ ಮಾಡೋದೂ ಇಷ್ಟೇ ಕಣಯ್ಯಾ, ಎಂದಿದ್ದ. ಒಂದು ಪ್ರೋಗ್ರಾಂ ಮರಿ ಹಾಕಿದಾಗ, ಅಂದರೆ ತನ್ನಂಥದೇ ಇನ್ನೊಂದನ್ನು ಹುಟ್ಟಿಸಿದಾಗ, ತಾಯಿಯ ಮೆಮೊರಿಯನ್ನೆಲ್ಲ ಕೂತು ನಕಲು ಮಾಡುವುದಿಲ್ಲ. ತಾಯಿಗೂ ಮರಿಗೂ ಅವೇ ಪುಟಗಳನ್ನು ತೋರಿಸಿ, ಓದಬಹುದು, ಬರೆಯುವಂತಿಲ್ಲ ಎಂದು ಕಟ್ಟು ಹಾಕುತ್ತದೆ. ಇಬ್ಬರಲ್ಲಿ ಯಾರಾದರೂ ಬರೆಯಲು ಕೈ ಹಾಕಿದ ಕ್ಷಣದಲ್ಲಿ ಮಾತ್ರ ಆ ಒಂದು ಪುಟದ ಪ್ರತಿ ತೆಗೆದು ಅವರ ಕೈಗಿಡುತ್ತದೆ. ಇನ್ನೊಬ್ಬರಿಗೆ ಹಳೆಯ ಪುಟ ಹಾಗೆಯೇ ಉಳಿಯುತ್ತದೆ, ಬೇರೆಯಾದದ್ದು ತಿಳಿಯುವುದೂ ಇಲ್ಲ. ಅಕ್ಕ ನಗುತ್ತ, ಹಾಗಾದರೆ ಪದಬಂಧ ನನಗೇ ಇರಲಿ ಎಂದು ಪತ್ರಿಕೆ ಎಳೆದುಕೊಂಡಿದ್ದಳು. ಆ ಸಂಜೆ ಅವನಿಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿತು. ಭಾವನ ಮೇಲೂ ಹುಟ್ಟಿತು, ಅದನ್ನು ಅವನು ಈಗ ಒಪ್ಪುವುದಿಲ್ಲ.

ಅವರ ಕೆಲಸದಲ್ಲಿ ಒಂದು ಪದ್ಧತಿಯಿದೆ. ಯಾರು ಏನೇ ಬದಲಾಯಿಸಿ ಬರೆದರೂ ಇನ್ನೊಬ್ಬರು ಅದನ್ನು ಸಾಲುಸಾಲಾಗಿ ಓದಿ, ಕೆಳಗೆ 'ನೋಡಿ ಒಪ್ಪಿದವರು' ಎಂದು ತಮ್ಮ ಹೆಸರು ಹಾಕಬೇಕು. ಆ ಹೆಸರಿಲ್ಲದೆ ಒಂದು ಅಲ್ಪವಿರಾಮವೂ ಕರ್ನಲಿನೊಳಗೆ ಹೋಗುವಂತಿಲ್ಲ. ಆಗೆಲ್ಲ ಅವನ ಹೆಸರಿಗೆ ತೂಕವಿತ್ತು. ಹದ್ದು ಎಂದು ಕರೆಯುತ್ತಿದ್ದರು. ಹದ್ದು ನೋಡಿದೆಯಂತೆ ಎಂದರೆ ಮುಗಿಯಿತು, ಮತ್ತೆ ಯಾರೂ ನೋಡುತ್ತಿರಲಿಲ್ಲ. ಗ್ರಂಥಾಲಯಗಳ ಯಂತ್ರಗಳಿಗೆಂದು ಭಾವ ಬರೆದ ಒಂದು ಬದಲಾವಣೆಯನ್ನು ಅವನು ನೋಡಿದ್ದ, ಒಪ್ಪಿದ್ದ, ಹೆಸರು ಹಾಕಿದ್ದ. ಆಮೇಲೆ ಭಾವ ಒಂದೇ ಒಂದು ಸಾಲನ್ನು, ಒಬ್ಬರು ಬಳಸುವಾಗ ಇನ್ನೊಬ್ಬರು ಮುಟ್ಟದಂತೆ ಬೀಗ ಹಾಕುವ ಸಾಲನ್ನು, ವೇಗ ಬರಲಿ ಎಂದು ಎರಡು ಮೆಟ್ಟಿಲು ಕೆಳಗಿಳಿಸಿದ. ಚಿಕ್ಕದು ತಾನೇ ಎಂದು ಮತ್ತೆ ತೋರಿಸಲಿಲ್ಲ. ಕೆಳಗಿದ್ದ ಹೆಸರನ್ನು ಅಳಿಸಲೂ ಇಲ್ಲ. ಯಂತ್ರಗಳು ಸಾಲಾಗಿ ಮಲಗಿದವು. ದೊಡ್ಡ ಸಭೆ ಸೇರಿತು. ಭಾವ ಬಂದು ಅವನ ಹೆಗಲ ಮೇಲೆ ಕೈಯಿಟ್ಟು, ಎಲ್ಲರ ಎದುರು, ಎಷ್ಟು ಮೃದುವಾಗಿ ಹೇಳಿದ: ಇವನು ನೋಡಿದಾನೆ ಅಂದ್ಮೇಲೆ ನಾನು ನೋಡಲಿಲ್ಲ, ಇವನ ಕಣ್ಣು ನಂಬಿದ್ದೆ. ಗೂಬೆಯನ್ನು ತಲೆಯ ಮೇಲೆ ಕೂರಿಸುವುದಕ್ಕೂ ಇಷ್ಟು ಪ್ರೀತಿ ಬೇಕೇ ಎಂದು ಅವನು ಇಂದಿಗೂ ಬೆರಗಾಗುತ್ತಾನೆ. ಅವನು ಬಾಯಿ ತೆರೆದಿದ್ದ. ಹೆಗಲ ಮೇಲಿನ ಕೈ ಒಂದಿಷ್ಟು ಬಿಗಿಯಾಯಿತು, ಅಥವಾ ಬಿಗಿಯಾದಂತೆ ಅನಿಸಿತು. ಅಂದು ಸಂಜೆ ಅಕ್ಕನ ಮಗಳ ಹುಟ್ಟುಹಬ್ಬ. ಹೋಗದೆ ಇರಲಾಗಲಿಲ್ಲ. ಅಕ್ಕ ಇನ್ನೊಂದು ತುಂಡು ಕೇಕ್ ತಟ್ಟೆಗೆ ಹಾಕಿ, ತಿನ್ನೋ, ಯಾಕೆ ಸಪ್ಪಗಿದ್ದೀಯ ಎಂದಳು. ತಿಂದ. ಸಭೆಯಲ್ಲಿ ಸುಮ್ಮನಿದ್ದದ್ದಕ್ಕಿಂತ ಆ ಕೇಕ್ ತಿಂದದ್ದು ಅವನನ್ನು ಹೆಚ್ಚು ಸುಟ್ಟಿದೆ. ಬಾಯಿತುಂಬ ಕೇಕ್ ಇಟ್ಟುಕೊಂಡು ಭಾವನ ಹಾಸ್ಯಕ್ಕೆ ನಕ್ಕದ್ದು ಇನ್ನೂ ಹೆಚ್ಚು. ಮುಂದಿನ ವಾರ ಅವನನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದರು. ಹದ್ದು ಎನ್ನುವ ಹೆಸರು ಉಳಿಯಿತು, ಹೇಳುವ ಧಾಟಿ ಮಾತ್ರ ಬದಲಾಯಿತು.

ಲಿಫ್ಟಿನಲ್ಲಿ ಅವನೊಬ್ಬನೇ. ಜೇಬಿನ ಮೇಲೆ ಕೈಯಿಟ್ಟು ಸಣ್ಣ ಡ್ರೈವ್ ಇದೆಯೆಂದು ಖಾತ್ರಿ ಮಾಡಿಕೊಂಡ. ಅದರೊಳಗೆ ಅವನು ಬರೆದ ಪುಟ್ಟ ಪ್ರೋಗ್ರಾಂ, ಕೊಲೆಗಾರನ ಚಾಕುವಿಗಿಂತ ಚೊಕ್ಕ. ತಪ್ಪು ಸಿಕ್ಕಿದ್ದು ಹುಡುಕಿದ್ದರಿಂದಲ್ಲ, ಭಾವನ ಕೈಬರಹ ಬಲ್ಲದ್ದರಿಂದ. ರಕ್ತ ಪರೀಕ್ಷಿಸುವ ಯಂತ್ರ ತನ್ನ ಅಂಕಿಗಳನ್ನು ಯಾರನ್ನೂ ಕೇಳದೆ ನೇರವಾಗಿ ಮೆಮೊರಿಯ ಪುಟಕ್ಕೆ ಸುರಿಯುತ್ತದೆ. ಪುಟ ಎಷ್ಟು ಜನರ ಕೈಯಲ್ಲಿದೆ ಎಂದು ಕರ್ನಲ್ ಎಣಿಸುವಾಗ ಪ್ರೋಗ್ರಾಂಗಳನ್ನು ಮಾತ್ರ ಎಣಿಸುತ್ತದೆ, ಯಂತ್ರವನ್ನು ಎಣಿಸುವುದಿಲ್ಲ. ತಾಯಿ ಪ್ರೋಗ್ರಾಂ ಮೊದಲ ರೋಗಿಯ ಅಂಕಿಗಳಿಗಾಗಿ ಒಂದು ಪುಟ ತೆರೆದಿಟ್ಟು ಕಾಯುತ್ತಿರುವಾಗಲೇ ಎರಡನೆಯ ರೋಗಿಗೆಂದು ಮರಿ ಹಾಕಿತು ಎನ್ನಿ. ಪುಟ ಇಬ್ಬರಿಗೂ ಸೇರಿತು. ಅಷ್ಟರಲ್ಲಿ ತಾಯಿ ಅದರಲ್ಲಿ ಒಂದಕ್ಷರ ಬರೆದರೆ ಅದಕ್ಕೆ ಹೊಸ ಪ್ರತಿ ಸಿಗುತ್ತದೆ; ಹಳೆಯ ಪುಟ ಮರಿಯ ಪಾಲಿಗೆ ಹೋಗುತ್ತದೆ. ಯಂತ್ರಕ್ಕೆ ಇದೊಂದೂ ತಿಳಿಯದು. ಅದು ಹಳೆಯ ಪುಟಕ್ಕೇ ಅಂಕಿ ಸುರಿಯುತ್ತದೆ. ಒಬ್ಬನ ರಕ್ತ ಇನ್ನೊಬ್ಬನ ಹೆಸರಿನಡಿ ಅಚ್ಚಾಗಿ ಬರುತ್ತದೆ. ಇದು ಕಂಡ ದಿನ ಮೊದಲು ಬಂದ ಯೋಚನೆ ಯಾರೋ ಬಡಪಾಯಿ ತನ್ನದಲ್ಲದ ಕಾಯಿಲೆಗೆ ಔಷಧಿ ನುಂಗುವುದರ ಬಗ್ಗೆ. ಎರಡನೆಯದು, ಭಾವನ ಸೋಲಿನದು, ಬಂದ ಕೂಡಲೇ ಮೊದಲನೆಯದು ಬಾಲ ಮುದುರಿಕೊಂಡು ಮೂಲೆಗೆ ಹೋಯಿತು. ಪ್ರದರ್ಶನದ ದಿನವೇ ಹೇಳುತ್ತೇನಲ್ಲ, ಅದಕ್ಕೆ ಮೊದಲು ಯಾರಿಗೇನೂ ಆಗುವುದಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿದ್ದ. ಎಲ್ಲರೆದುರು ತಪ್ಪು ತೋರಿಸುವುದು, ಆಮೇಲೆ ಮೆಲ್ಲಗೆ ಕೇಳುವುದು: ಕೆಳಗೆ ಯಾರ ಹೆಸರಿದೆ ನೋಡಿ ಸರ್, ಈ ಸಲ ನನ್ನದಿಲ್ಲ ತಾನೇ? ಅವನಿಗೆ ಬೇಕಾದದ್ದು ಇಷ್ಟೇ. ಕಳೆದುಹೋದ ಹೆಸರು ವಾಪಸ್ಸು ಬರಬೇಕು, ಅದನ್ನು ಕಳೆದವನ ಬಾಯಿಂದಲೇ ಬರಬೇಕು.

ಸಭೆಯ ಕೋಣೆಯಲ್ಲಿ ಹೊಸ ಕುರ್ಚಿಗಳ ವಾಸನೆ. ಮೇಜಿನ ಮೇಲೆ ರಕ್ತಪರೀಕ್ಷೆಯ ಯಂತ್ರ, ಅದರ ಬಾಯಲ್ಲಿ ಎರಡು ಗಾಜಿನ ನಳಿಕೆ: ಒಂದು ಆರೋಗ್ಯವಂತನ ಮಾದರಿ, ಇನ್ನೊಂದು ಕಾಯಿಲೆಯವನದು. ಪ್ರಯೋಗಾಲಯದ ಕಡೆಯಿಂದ ಬಂದವರಲ್ಲಿ ಹಿರಿಯಳು ಒಬ್ಬ ಡಾಕ್ಟರಮ್ಮ, ನೆರೆತ ಕೂದಲನ್ನು ಗಂಟು ಕಟ್ಟಿ, ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ನೇತುಹಾಕಿಕೊಂಡಿದ್ದಳು. ಭಾವ ಅವಳಿಗೂ ಪತ್ರಿಕೆ, ಪೆನ್ನು, ಪದಬಂಧದ ಕತೆ ಹೇಳುತ್ತಿದ್ದ. ಅದೇ ಮಾತು, ಅದೇ ಜಾಗದಲ್ಲಿ ಅದೇ ನಗು. ತನ್ನೊಬ್ಬನಿಗೇ ಎಂದು ಹೇಳಿದ್ದಂತೆ ಜೋಪಾನ ಮಾಡಿಕೊಂಡಿದ್ದ ಕತೆ ಬಾಡಿಗೆಗೆ ಬಿಟ್ಟ ಅಂಗಿಯ ಹಾಗೆ ಎಷ್ಟು ಜನರ ಮೈಮೇಲೆ ಹೋಗಿ ಬಂದಿದೆಯೋ ಎಂದು ಅವನ ಹೊಟ್ಟೆ ಉರಿಯಿತು. ಎದ್ದ. ಸರ್, ಒಂದು ನಿಮಿಷ, ಎಂದ. ಧ್ವನಿ ಅಂದುಕೊಂಡದ್ದಕ್ಕಿಂತ ತೆಳ್ಳಗೆ ಬಂತು. ಇನ್ನೊಂದು ಪರೀಕ್ಷೆ ನಡೆಸಬೇಕು ಎಂದ. ಭಾವ ಕೈಚಾಚಿ ದಾರಿ ಬಿಟ್ಟ. ಡ್ರೈವ್ ಚುಚ್ಚಿ, ಪ್ರೋಗ್ರಾಂ ನಡೆಸಿ, ಪಕ್ಕಕ್ಕೆ ಸರಿದು ನಿಂತ. ಯಂತ್ರ ಗುಂಯ್‌ಗುಟ್ಟಿತು. ಪರದೆಯ ಮೇಲೆ ವರದಿಗಳು ಒಂದರ ಕೆಳಗೊಂದು ಇಳಿದವು. ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ಮುಂದೆ ಬಾಗಿದಳು.

"ಇದು ಯಾರ ರಕ್ತ?" ಎಂದಳು.

ಆರೋಗ್ಯವಂತನ ಹೆಸರಿನ ಕೆಳಗೆ ಕಾಯಿಲೆಯವನ ಅಂಕಿಗಳು ಕೂತಿದ್ದವು. ಭಾವ ಪರದೆಯ ಹತ್ತಿರ ಹೋಗಿ ನಿಂತ. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಬಾಗುವುದನ್ನು ನೋಡಲು ಇವನು ಎಷ್ಟು ವರ್ಷ ಕಾದಿದ್ದ. ಕುತ್ತಿಗೆ ಕೆಂಪಾಗುವುದು, ಮಾತು ತಡವರಿಸುವುದು, ಕೈ ಕುರ್ಚಿಯ ಬೆನ್ನನ್ನು ಹುಡುಕುವುದು, ಎಲ್ಲವನ್ನೂ ಮನಸ್ಸಿನಲ್ಲಿ ಇಷ್ಟಿಷ್ಟಾಗಿ ತಿದ್ದಿ ಬರೆದಿಟ್ಟುಕೊಂಡಿದ್ದ. ಭಾವ ತಿರುಗಿದ. ಮುಖ ಅರಳಿತ್ತು. ಹಬ್ಬಕ್ಕೆ ಬಟ್ಟೆ ತಂದುಕೊಟ್ಟರೆ ಮಕ್ಕಳ ಮುಖ ಆಗುತ್ತದಲ್ಲ, ಹಾಗೆ. ನೇರ ಬಂದು ಇವನ ಹೆಗಲ ಮೇಲೆ ಕೈ ಹಾಕಿ, "ನೋಡಿದ್ರಾ ಮೇಡಂ, ಇದಕ್ಕೇ ನಾನು ಇವನನ್ನ ಬಿಟ್ಟುಕೊಡಲ್ಲ. ನಾನು ಬರೆದದ್ದರಲ್ಲೇ ತಪ್ಪು ಹಿಡಿದ," ಎಂದ. ನಾಟಕ ಆಡಿದ್ದರೆ ಎಷ್ಟೋ ವಾಸಿಯಿತ್ತು. ಇವನಿಗೆ ಭಾವನ ನಾಟಕವೆಲ್ಲ ಗೊತ್ತು, ಇದು ಅದಲ್ಲ. ಡಾಕ್ಟರಮ್ಮ ತಲೆದೂಗಿದಳು. ತಮ್ಮ ಹುಳುಕನ್ನು ತಾವೇ ಎತ್ತಿ ತೋರಿಸುವ ಕಂಪನಿಯನ್ನು ಮೊದಲ ಸಲ ನೋಡುತ್ತಿದ್ದೇನೆ ಎಂದಳು. ಸರಿಪಡಿಸಿಕೊಟ್ಟರೆ ಇವತ್ತೇ ತೆಗೆದುಕೊಂಡು ಹೋಗುವುದಾಗಿಯೂ ಹೇಳಿದಳು. ಇವನು ತಯಾರಿಸಿಟ್ಟುಕೊಂಡಿದ್ದ ಎರಡನೆಯ ಮಾತು ನಾಲಿಗೆಯ ಮೇಲೆಯೇ ಒಣಗಿತು. ಎಲ್ಲರೂ ಕಾಫಿಗೆ ಎದ್ದರು. ಹೋಗುತ್ತ ಒಬ್ಬಿಬ್ಬರು ಇವನ ಬೆನ್ನು ತಟ್ಟಿದರು, ಹದ್ದು ಎಂದರು, ಹಳೆಯ ಧಾಟಿಯಲ್ಲಿ. ಹಾಳಾದ್ದು, ಒಂದು ಕ್ಷಣ ಅವನಿಗೆ ಖುಷಿಯೂ ಆಯಿತು. ಆ ಖುಷಿಗೆ ಅವನು ಭಾವನನ್ನು ಇನ್ನಷ್ಟು ದ್ವೇಷಿಸಿದ.

ಕೋಣೆಯಲ್ಲಿ ಇಬ್ಬರೇ ಉಳಿದರು. ಭಾವ ಆಗಲೇ ಕೀಲಿಮಣೆಯ ಮುಂದೆ ಕೂತು ತೋಳು ಮಡಿಸುತ್ತಿದ್ದ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾಗುವುದಿಲ್ಲ ಎನಿಸಿತು.

"ಅವತ್ತೂ ಹೀಗೇ ಹೆಗಲ ಮೇಲೆ ಕೈ ಹಾಕಿದ್ರಿ," ಎಂದ.

"ಯಾವತ್ತು?" ಭಾವ ಪರದೆಯಿಂದ ಕಣ್ಣು ಕೀಳಲಿಲ್ಲ.

ಹೇಳಿದ. ಗ್ರಂಥಾಲಯದ ಯಂತ್ರಗಳು, ಕೆಳಗಿಳಿದ ಬೀಗದ ಸಾಲು, ಉಳಿದುಕೊಂಡ ಹೆಸರು, ದೊಡ್ಡ ಸಭೆ. ಇಷ್ಟು ವರ್ಷ ಮಸೆದಿಟ್ಟ ಮಾತುಗಳು ಬಾಯಿಂದ ಹೊರಬರುವಾಗ ಯಾರೋ ಗುಮಾಸ್ತ ದೂರಿನ ಅರ್ಜಿ ಓದಿದ ಹಾಗೆ ಕೇಳಿಸಿದವು. ಭಾವನ ಬೆರಳುಗಳು ನಿಂತವು. ಹುಬ್ಬು ಗಂಟಿಕ್ಕಿ, ನಿಜವಾಗಿ ಪ್ರಯತ್ನಪಟ್ಟು, ನೆನಪಿನಲ್ಲಿ ಕೈಯಾಡಿಸಿದ. ಸುಳ್ಳು ಹೇಳುವವನು ಅಷ್ಟು ಕಷ್ಟಪಡುವುದಿಲ್ಲ.

"ಆ ಯಂತ್ರಗಳು ಕೆಟ್ಟಿದ್ದು ನೆನಪಿದೆ ಕಣಯ್ಯಾ. ಆಮೇಲೆ ಸರಿಹೋಯ್ತಲ್ಲ. ನೀನಿದ್ಯಾ ಅದರಲ್ಲಿ?"

ಅವನಿಗೆ ನಗು ಬಂತು. ಇಬ್ಬರ ಕೈಯಲ್ಲೂ ಇರುವುದು ಆ ಸಭೆಯ ಒಂದೇ ದಿನ ಎಂದು ನಂಬಿಕೊಂಡು, ಪ್ರತಿದಿನ ಅದರ ಮೇಲೆ ಬರೆದದ್ದೇ ಬರೆದದ್ದು, ತಿದ್ದಿದ್ದೇ ತಿದ್ದಿದ್ದು. ಬರೆಯತೊಡಗಿದ ಮೊದಲ ಕ್ಷಣದಲ್ಲೇ ಅವನ ಪುಟ ಬೇರೆಯಾಗಿತ್ತು. ಭಾವನ ಕಡೆ ಉಳಿದದ್ದು ಖಾಲಿ ಪುಟ. ಅದನ್ನೂ ಯಾವಾಗಲೋ ಗುಡಿಸಿ ಹಾಕಿದ್ದಾನೆ. ಸತ್ತವನ ಮೇಲೆ ಸೇಡು ತೀರಿಸಿಕೊಳ್ಳಬಹುದೇನೋ, ಮರೆತವನ ಮೇಲೆ ಹೇಗೆ? ಅವನು ಕುರ್ಚಿ ಎಳೆದುಕೊಂಡು ಭಾವನ ಪಕ್ಕ ಕೂತ. ಭಾವ, ಏನೋ ನೋವಾಗಿರಬೇಕು ನಿನಗೆ, ಸಂಜೆ ಮನೆಗೆ ಬಾ, ಕೂತು ಮಾತಾಡೋಣ, ಮೊದಲು ಇದನ್ನ ಮುಗಿಸ್ತೀನಿ ಎಂದು ಮತ್ತೆ ಬರೆಯತೊಡಗಿದ. ಚೆನ್ನಾಗಿ ಬರೆಯುತ್ತಿದ್ದ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮರಿ ಹಾಕುವ ಹೊತ್ತಿನಲ್ಲಿ ಪುಟವನ್ನು ಯಂತ್ರವೇನಾದರೂ ಹಿಡಿದುಕೊಂಡಿದೆಯೇ ಎಂದು ನೋಡುವುದು; ಹಿಡಿದಿದ್ದರೆ ಕಾಯದೆ ಆಗಲೇ ಮರಿಗೆ ಬೇರೆ ಪ್ರತಿ ಕೊಟ್ಟುಬಿಡುವುದು. ಸರಿಯಾದ ಮದ್ದು. ನಡುವೆ ಒಮ್ಮೆ ತಡೆದು, ತುಟಿ ಕಚ್ಚಿ, ಬೀಗದ ಸಾಲನ್ನು ಎತ್ತಿ ಕೆಳಗೆ ಇಟ್ಟ. ವೇಗಕ್ಕೆ. ಕೋಣೆಯಲ್ಲಿ ಯಾರೂ ಇಲ್ಲವೆಂದು ನೋಡಿ ಆಮೇಲೆ ಬಾಗಿಲಿಗೆ ಚಿಲಕ ಹಾಕಿದ ಹಾಗೆ. ನೋಡಿದ್ದಕ್ಕೂ ಹಾಕಿದ್ದಕ್ಕೂ ನಡುವೆ ಕೂದಲೆಳೆಯಷ್ಟು ಹೊತ್ತು, ಅಷ್ಟರಲ್ಲಿ ಯಂತ್ರ ಒಳಗೆ ಬಂದು ಪುಟ ಹಿಡಿದರೆ ಮತ್ತೆ ಅದೇ ಕತೆ. ಇವನಿಗೆ ಒಂದೇ ನೋಟಕ್ಕೆ ಕಂಡಿತು. ಪುಟ್ಟ ಪ್ರೋಗ್ರಾಮಿಗೆ ಅದು ಸಿಗುವುದಿಲ್ಲ. ದಿನಗಟ್ಟಲೆ, ತಿಂಗಳುಗಟ್ಟಲೆ ಸಿಗದಿರಬಹುದು. ಒಂದು ದಿನ ಸಿಕ್ಕೇ ಸಿಗುತ್ತದೆ.

ಕಾಫಿ ಮುಗಿಸಿ ಎಲ್ಲರೂ ಒಳಬಂದರು. ಭಾವ ಮತ್ತೆ ಪರೀಕ್ಷೆ ನಡೆಸಿದ. ಅವರವರ ರಕ್ತ ಅವರವರ ಹೆಸರಿನಡಿ ಬಂತು. ಡಾಕ್ಟರಮ್ಮ ಕನ್ನಡಕ ಇಳಿಸಿದಳು. ಭಾವ ಎದ್ದು ಕುರ್ಚಿಯನ್ನು ಇವನ ಕಡೆ ತಿರುಗಿಸಿ, "ನೀನು ನೋಡ್ಬಿಡು. ನೀನು ಸರಿ ಅಂದ್ರೆ ಕೊಟ್ಟು ಕಳಿಸ್ತೀನಿ, ಇಲ್ಲ ಅಂದ್ರೆ ಇಲ್ಲ," ಎಂದ. ಎಲ್ಲರೂ ಇವನನ್ನೇ ನೋಡುತ್ತಿದ್ದರು. ಬೇಡಿಕೊಂಡದ್ದೆಲ್ಲ ಒಂದೇ ತಟ್ಟೆಯಲ್ಲಿ ಬಂದು ಕೂತಿತ್ತು: ಕಳೆದ ಹೆಸರು, ಕಳೆದವನ ಬಾಯಿಂದಲೇ, ಎಲ್ಲರ ಎದುರು. ಆದರೆ ಅದು ಕ್ಷಮೆಯಾಗಿ ಬಂದಿರಲಿಲ್ಲ, ಬಹುಮಾನವಾಗಿ ಬಂದಿತ್ತು. ಏನನ್ನೂ ಕಳೆದುಕೊಳ್ಳದವನು ಕೈಯೆತ್ತಿ ಕೊಡುವ ಬಹುಮಾನ. ಅವನು ಸಾಲುಗಳನ್ನು ಮೇಲಿನಿಂದ ಕೆಳಗೆ ಓದಿದ. ಮತ್ತೆ ಓದಿದ. ಬೀಗದ ಸಾಲಿನ ಹತ್ತಿರ ಕಣ್ಣು ನಿಂತಿತು. ಬೆರಳಿಟ್ಟು ತೋರಿಸಿದರೆ ಸಾಕು, ಭಾವ ತಲೆ ಚಚ್ಚಿಕೊಂಡು ನಕ್ಕು, ನೋಡಿದ್ರಾ ಎಂದು ಮತ್ತೆ ಹೆಗಲಿಗೆ ಕೈ ಹಾಕುತ್ತಾನೆ. ಹೆಗಲು ಆಗಲೇ ಕುಗ್ಗಿತು. ಯಾವುದೋ ಊರಿನ ಯಾವುದೋ ಪ್ರಯೋಗಾಲಯದಲ್ಲಿ ತೋಳು ಚಾಚಿ ಕೂತ ಒಬ್ಬರ ಮುಖ, ಹೆಂಗಸೋ ಗಂಡಸೋ, ಕಣ್ಣೆದುರು ಬರಲು ಹವಣಿಸಿತು. ಅದನ್ನು ತಳ್ಳಿದ. ಆಮೇಲೆ, ಮುಂದೊಂದು ದಿನ ನಡೆಯುವ ಸಭೆ ಕಣ್ಣೆದುರು ಬಂತು. ಅದರಲ್ಲಿ ಭಾವನ ಕುತ್ತಿಗೆ ಕೆಂಪಾಗಿತ್ತು, ಕೈ ಕುರ್ಚಿಯ ಬೆನ್ನನ್ನು ಹುಡುಕುತ್ತಿತ್ತು. ಕೆಳಗೆ ಯಾರ ಹೆಸರಿದೆ ಎಂದು ಅಲ್ಲಿಯೂ ಕೇಳುತ್ತಾರೆ. ಕೇಳಲಿ. ಹಿಂದೆ ಇನ್ನೊಬ್ಬ ಅಳಿಸದೆ ಬಿಟ್ಟ ಹೆಸರಿಗಾಗಿ ಬೆಂದಿದ್ದ, ಈಗ ಬೆಂದರೆ ತಾನೇ ಬೇಕೆಂದು ಹಾಕಿದ ಹೆಸರಿಗಾಗಿ ಬೇಯುತ್ತಾನೆ. 'ನೋಡಿ ಒಪ್ಪಿದವರು' ಎಂಬುದರ ಮುಂದೆ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೊಡೆದ.

"ಸರಿ ಇದೆ, ಭಾವ," ಎಂದ.

ಬಾಯಿಂದ ಬಂದ ಮೇಲೆಯೇ ಗೊತ್ತಾಗಿದ್ದು. ಆ ಹುಟ್ಟುಹಬ್ಬದ ಸಂಜೆಯಿಂದ ಅವನು ಆ ಪದ ಆಡಿರಲಿಲ್ಲ. ಆಫೀಸಿನಲ್ಲಿ ಸರ್, ಮನೆಯಲ್ಲಿ ಏನೂ ಇಲ್ಲ. ಕೆಮ್ಮಿಯೋ, ಅಕ್ಕನ ಮೂಲಕವೋ, ಹೇಗೋ ಸಾಗಹಾಕುತ್ತಿದ್ದ. ಭಾವ ಕಣ್ಣು ಪಿಳುಕಿಸಿ, ಮೂಗೊರೆಸಿಕೊಂಡು, ಡಿಸ್ಕ್ ತಯಾರಿಸಲು ಹೇಳಿ ಬೇಗ ಹೊರಗೆ ಹೋದ.

ಎಲ್ಲರೂ ಊಟಕ್ಕೆ ಕರೆದರು. ಹೊಟ್ಟೆ ಸರಿಯಿಲ್ಲ ಎಂದು ತಪ್ಪಿಸಿಕೊಂಡು ಮೆಟ್ಟಿಲಿಳಿದು ನೆಲಮಾಳಿಗೆಗೆ ಬಂದ. ಕಾರುಗಳು ನಿಲ್ಲುವ ಜಾಗ ತಣ್ಣಗಿತ್ತು. ಮೇಲಕ್ಕೆ ಹೋಗುವ ಇಳಿಜಾರಿನಲ್ಲಿ, ಒಂದು ಕಾರು ಹಾಯುವಷ್ಟೇ ಅಗಲದ ದಾರಿಯಲ್ಲಿ, ಬಿಸಿಲು ಅರ್ಧದವರೆಗೆ ಬಂದು ನಿಂತಿತ್ತು. ಅಲ್ಲಿಗೆ ತಲುಪುವಾಗ ಫೋನ್ ಬಂತು, ಅಕ್ಕನದು. ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

"ಈಗ ತಾನೇ ಫೋನ್ ಮಾಡಿದ್ರು ಕಣೋ. ನೀನು ಭಾವ ಅಂದೆಯಂತೆ. ಅವರಿಗೆ ಮಾತೇ ಹೊರಡ್ತಿರಲಿಲ್ಲ. ಯಾಕೆ ಅವನು ನನ್ನ ಭಾವ ಅನ್ನೋದು ಬಿಟ್ಟ, ನಾನೇನು ಮಾಡಿದೆ ಅಂತ ನನ್ನ ಎಷ್ಟು ಸಲ ಕೇಳಿದಾರೆ ಗೊತ್ತಾ. ನನಗೇನು ಗೊತ್ತು, ನೀನು ಬಾಯಿ ಬಿಟ್ಟರೆ ತಾನೇ."

ಅವನು ಗೋಡೆಗೆ ಕೈಯಾನಿಸಿದ. ಹಿಂದೆ ಕಾರೊಂದು ಶಬ್ದ ಮಾಡಿ, ಅವನ ಮೊಣಕಾಲಿನ ಹತ್ತಿರ ಬಂದು ನಿಂತಿತು. ಗಾಜು ಇಳಿಯಿತು. ಡಾಕ್ಟರಮ್ಮ ಹೊರಗೆ ತಲೆ ಹಾಕಿ ನಕ್ಕಳು. ಹಿಂದಿನ ಸೀಟಿನಲ್ಲಿ ಡಿಸ್ಕಿನ ಡಬ್ಬಿ ಇತ್ತು, ಅಲುಗಾಡದಿರಲಿ ಎಂದು ಅದಕ್ಕೂ ಬೆಲ್ಟು ಬಿಗಿದಿದ್ದಳು. ನಾಳೆ ಬೆಳಿಗ್ಗೆಯೇ ರೋಗಿಗಳು ಬರುತ್ತಾರೆ, ಅದಕ್ಕೇ ಊಟಕ್ಕೂ ನಿಲ್ಲಲಿಲ್ಲ ಎಂದಳು. ಅವನು ದಾರಿಯ ನಟ್ಟನಡುವೆ ನಿಂತಿದ್ದ. ಹಾಗೇ ನಿಂತಿದ್ದರೂ ಸಾಕಾಗಿತ್ತು. ಅವಳು ಏನಾಯಿತು ಎಂದು ಕೇಳಿಯೇ ಕೇಳುತ್ತಿದ್ದಳು. ಫೋನಿನಲ್ಲಿ ಅಕ್ಕ, ಇದ್ದೀಯೇನೋ, ಕೇಳಿಸ್ತಿದೆಯಾ ಎನ್ನುತ್ತಿದ್ದಳು. ಹೂಂ ಎಂದ, ಯಾರಿಗೆ ಎಂದು ತಿಳಿಯದೆ. ಗೋಡೆಗೆ ಒತ್ತಿಕೊಂಡು ನಿಂತು, ಕಾರಿಗೆ ದಾರಿ ಬಿಟ್ಟ.